ಬಿಡಿಭಾಗ ಕೊಳ್ಳುವ ಮುನ್ನ ಮೀಟರ್ ಹಿಡಿಯಿರಿ

ಪಿಕಪ್ ಸತ್ತುಹೋಗಿದೆ, ಐಡ್ಲಿಂಗ್ ಒಂದೇ ಸಮ ನಿಲ್ಲುತ್ತಿಲ್ಲ, ಸೈಲೆನ್ಸರ್‌ನಿಂದ ಕಪ್ಪು ಹೊಗೆ. ಹಳೆಯ ಸ್ಪೋರ್ಟ್ಸ್ ಕಾರಿನ ಮಾಲೀಕರು ಇವುಗಳಲ್ಲಿ ಒಂದನ್ನು ಕಂಡರೂ ಸಾಕು, ಇಂಜೆಕ್ಟರ್, ಪಂಪ್, ಸೆನ್ಸರ್ ಎಂದು ಒಂದರ ಮೇಲೊಂದು ಪಾರ್ಸೆಲ್ ತರಿಸಲು ಶುರುಮಾಡುತ್ತಾರೆ. ಹಣ ಕರಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ. ಪೆಟ್ರೋಲಿನದ್ದೆಂದು ತೋರುವ ತೊಂದರೆ ಬಹಳ ಸಲ ಗಾಳಿಯದ್ದೋ ಕರೆಂಟಿನದ್ದೋ ಆಗಿರುತ್ತದೆ. ಒಂದು ಮಲ್ಟಿಮೀಟರ್, ಒಂದು ಪ್ರೆಶರ್ ಗೇಜ್, ಜೊತೆಗೆ ತಾಳ್ಮೆ ಇದ್ದರೆ ಮೂಲ ಕೈಗೆ ಸಿಗುತ್ತದೆ.

ಇಲ್ಲಿ ಹೇಳುವುದೆಲ್ಲ ಪೋರ್ಷೆ 944 ಕಾರನ್ನು ಮುಂದಿಟ್ಟುಕೊಂಡು. 1982ರಿಂದ 1991ರವರೆಗೆ ಒಂದು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು ತಯಾರಾದ ಕಾರಿದು. ಮುಂದೆ ನಾಲ್ಕು ಸಿಲಿಂಡರಿನ 2.5 ಲೀಟರ್ ಎಂಜಿನ್, ಹಿಂದೆ ಗೇರ್‌ಬಾಕ್ಸ್. ಪೆಟ್ರೋಲ್ ಮತ್ತು ಸ್ಪಾರ್ಕ್ ಎರಡನ್ನೂ ಬಾಷ್ ಕಂಪನಿಯ ಮೋಟ್ರಾನಿಕ್ ಎಂಬ ಒಂದೇ ಡಬ್ಬಿ ಆಳುತ್ತದೆ. ಈ ಪದ್ಧತಿ ಮೊದಲು ಬಂದದ್ದು 1979ರಲ್ಲಿ, ಬಿಎಂಡಬ್ಲ್ಯು 732ಐ ಕಾರಿನಲ್ಲಿ. 944ರ ಮಾಲೀಕರು ಈ ಡಬ್ಬಿಯನ್ನು ಡಿಎಂಇ ಎಂದೇ ಕರೆಯುತ್ತಾರೆ. ಬೆಂಗಳೂರಿನವರಿಗೆ ಬಾಷ್ ಹೊಸಬರೇನಲ್ಲ; 1951ರಲ್ಲಿ ಆರಂಭವಾದ ನಮ್ಮ ಮೈಕೋ ಆ ಕುಟುಂಬದ್ದೇ, 2008ರಲ್ಲಿ ಹೆಸರನ್ನೂ ಬಾಷ್ ಎಂದು ಬದಲಿಸಿಕೊಂಡಿತು. ಕೆಳಗೆ ಕೊಟ್ಟ ಅಳತೆಗಳು ಎಂಟು ವಾಲ್ವಿನ ಮೂಲ 944ಕ್ಕೆ ಸಂಬಂಧಿಸಿದವು. ವಿಚಾರದ ಸರಣಿ ಮಾತ್ರ ಆ ಕಾಲದ ಯಾವ ಇಂಜೆಕ್ಷನ್ ಕಾರಿಗೂ ಹೊಂದುತ್ತದೆ.

1. ಸ್ಪಾನರ್ ಮುಟ್ಟುವ ಮೊದಲು ಪೆನ್ನು ಹಿಡಿಯಿರಿ

"ಗಾಡಿ ಸರಿಯಾಗಿ ಓಡುತ್ತಿಲ್ಲ" ಎಂಬ ದೂರಿನಿಂದ ಯಾರಿಗೂ ಉಪಯೋಗವಿಲ್ಲ. ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಐಡ್ಲಿಂಗ್‌ನಲ್ಲೋ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದಾಗಲೋ? ಒಮ್ಮೆಲೇ ಬಂತೋ, ತಿಂಗಳುಗಟ್ಟಲೆ ಬೆಳೆಯಿತೋ? ಅದಕ್ಕೆ ಮುಂಚೆ ಯಾರು ಯಾವ ಕೆಲಸ ಮಾಡಿದ್ದರು? ಈ ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ತನಿಖೆ ಮುಗಿದಂತೆ. ಬಿಸಿಯಾದಾಗ ಮಾತ್ರ ನಿಂತುಹೋಗುವ ಎಂಜಿನ್ ಒಂದು ದಾರಿ ತೋರಿಸುತ್ತದೆ. ತಣ್ಣಗಿದ್ದಾಗ ಮಾತ್ರ ಕೆಮ್ಮುವ ಎಂಜಿನ್ ಬೇರೆಯದೇ ದಾರಿ ತೋರಿಸುತ್ತದೆ.

2. ಬೆಂಕಿಯ ಭಯ ಕಳೆದ ಮೇಲೆಯೇ ಉಳಿದದ್ದು

ಪೆಟ್ರೋಲಿನ ರಬ್ಬರ್ ಹೋಸ್‌ಗಳನ್ನು ಕೈಯಲ್ಲಿ ಬಗ್ಗಿಸಿ ನೋಡಿ. ಬಿರುಕು ಬಿಟ್ಟಿದ್ದರೆ, ಮರದಂತೆ ಗಡಸಾಗಿದ್ದರೆ, ಒದ್ದೆಯ ಗುರುತಿದ್ದರೆ ಆ ಎಂಜಿನ್ನನ್ನು ಸ್ಟಾರ್ಟ್ ಮಾಡಬೇಡಿ. ಈ ಕಾರುಗಳು ಹೊತ್ತಿ ಉರಿಯಲು ಎಂಜಿನ್ ಮೇಲಿನ ಈ ಹೋಸ್‌ಗಳೇ ದೊಡ್ಡ ಕಾರಣ. ಎಥೆನಾಲ್ ಬೆರೆತ ಪೆಟ್ರೋಲ್ ಬಂದಮೇಲೆ ಹಳೆಯ ರಬ್ಬರಿನ ಗತಿ ಇನ್ನೂ ಕೆಟ್ಟಿದೆ: ಜರ್ಮನಿಯಲ್ಲಿ ಶೇಕಡಾ 10 ಎಥೆನಾಲ್ 2011ರಿಂದ ಇದೆ, ನಮ್ಮ ಬಂಕುಗಳಲ್ಲಿ ಈಗ ಶೇಕಡಾ 20. ಬೆಂಗಳೂರಿನಲ್ಲಿ ಹಳೆಯ ಕಾರು ಸಾಕಿಕೊಂಡವರೂ ಹೋಸ್ ಕೊಳ್ಳುವಾಗ ಎಥೆನಾಲ್ ತಡೆಯುವ ದರ್ಜೆಯದ್ದನ್ನೇ ಕೇಳಿ ಪಡೆಯಬೇಕು.

ಟೈಮಿಂಗ್ ಬೆಲ್ಟಿನ ವಯಸ್ಸನ್ನೂ ಇದೇ ಹೊತ್ತಿನಲ್ಲಿ ವಿಚಾರಿಸಿ. 944ರಲ್ಲಿ ಬೆಲ್ಟ್ ಕಡಿದರೆ ಪಿಸ್ಟನ್‌ಗಳು ವಾಲ್ವ್‌ಗಳಿಗೆ ಬಡಿದು ಬಗ್ಗಿಸುತ್ತವೆ. ಯಾವಾಗ ಹಾಕಿದ್ದೆಂದು ಯಾರಿಗೂ ಗೊತ್ತಿಲ್ಲದ ಬೆಲ್ಟ್ ಇಟ್ಟುಕೊಂಡು ಪರೀಕ್ಷೆಗೆಂದು ಎಂಜಿನ್ ರೇಸ್ ಮಾಡುವುದು ದುಸ್ಸಾಹಸ.

3. ವೋಲ್ಟ್ ಸರಿಯಿಲ್ಲದಿದ್ದರೆ ಉಳಿದ ಅಳತೆಗಳೆಲ್ಲ ಸುಳ್ಳು

ಬ್ಯಾಟರಿ ನಿಂತಾಗ 12.6 ವೋಲ್ಟ್, ಎಂಜಿನ್ ಓಡುವಾಗ ಸುಮಾರು 14. ಆಮೇಲೆ ಅರ್ತ್ ನೋಡಿ. ಮೀಟರಿನ ಒಂದು ತುದಿ ಎಂಜಿನ್ ಬ್ಲಾಕಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್ ತೋರಿಸಿದರೂ ದಾರಿಯಲ್ಲಿ ತುಕ್ಕಿದೆ ಎಂದರ್ಥ. ಬೋಲ್ಟ್ ಬಿಚ್ಚಿ, ಉಜ್ಜಿ, ಬಿಗಿಯಿರಿ. ಖರ್ಚು ಒಂದು ಮರಳು ಕಾಗದದಷ್ಟೇ.

4. ಸೆಲ್ಫ್ ಹೊಡೆಯುವಾಗ ಟ್ಯಾಕೋಮೀಟರ್ ಮುಳ್ಳಿನ ಮೇಲೆ ಕಣ್ಣಿಡಿ

ಎಂಜಿನ್ ಸ್ಟಾರ್ಟೇ ಆಗದಿದ್ದಾಗ ಇದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿಲ್ಲ. ಎಂಜಿನ್ ತಿರುಗುತ್ತಿದ್ದಂತೆ ಮುಳ್ಳು ತುಸು ಕುಣಿದರೆ ಡಿಎಂಇಗೆ ಕರೆಂಟೂ ಬಂದಿದೆ, ಎಂಜಿನ್ ತಿರುಗುತ್ತಿದೆಯೆಂಬ ಸುದ್ದಿಯೂ ತಲುಪಿದೆ. ಮುಳ್ಳು ಸತ್ತಂತೆ ಮಲಗಿದ್ದರೆ ಅನುಮಾನ ಎರಡರ ಮೇಲೆ: ಡಿಎಂಇ ರಿಲೇ ಅಥವಾ ಫ್ಲೈವೀಲ್ ಬಳಿಯ ಜೋಡಿ ಸೆನ್ಸರ್‌ಗಳು.

ಆ ಜೋಡಿಯಲ್ಲಿ ಒಂದು ಫ್ಲೈವೀಲಿನ ಹಲ್ಲುಗಳನ್ನು ಎಣಿಸಿ ವೇಗ ಹೇಳುತ್ತದೆ. ಇನ್ನೊಂದು ಒಂದೇ ಒಂದು ಪಿನ್ನನ್ನು ಗಮನಿಸಿ ಪಿಸ್ಟನ್ ಎಲ್ಲಿದೆಯೆಂದು ಹೇಳುತ್ತದೆ. ಇವೆರಡರ ಮಾತು ಕೇಳದೆ ಡಿಎಂಇ ಸ್ಪಾರ್ಕ್ ಕೊಡುವುದಿಲ್ಲ, ಪಂಪನ್ನೂ ಓಡಿಸುವುದಿಲ್ಲ. ಪಂಪ್ ಸದ್ದಿಲ್ಲವೆಂದು ಪಂಪ್ ಬದಲಿಸುವವರು ಎಡವುವುದು ಇಲ್ಲೇ. ಸೆನ್ಸರಿಗೂ ಫ್ಲೈವೀಲಿಗೂ ನಡುವೆ ಇರಬೇಕಾದ ಸಂದು 0.8 ಮಿ.ಮೀ. ಕ್ಲಚ್ ಕೆಲಸವಾದ ಮೇಲೆ ಗಾಡಿ ಸ್ಟಾರ್ಟ್ ಆಗದಿದ್ದರೆ ಆ ಸಂದನ್ನೂ, ಒಂದೇ ರೀತಿ ಕಾಣುವ ಎರಡು ಕನೆಕ್ಟರ್‌ಗಳು ಅದಲುಬದಲಾಗಿವೆಯೇ ಎಂಬುದನ್ನೂ ಮೊದಲು ನೋಡಿ. ಬಿಸಿಯಾದಾಗ ನಿಂತು, ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುವ ಕಾರಿನಲ್ಲೂ ಈ ಸೆನ್ಸರ್‌ಗಳನ್ನು ಬಿಡದೆ ಪರೀಕ್ಷಿಸಬೇಕು.

5. ರಿಲೇ ಒಂದು ಹೆಚ್ಚಿಗೆ ಇರಲಿ

ಡ್ಯಾಶ್‌ಬೋರ್ಡ್ ಕೆಳಗಿನ ಡಿಎಂಇ ರಿಲೇ ಪುಟ್ಟ ವಸ್ತು. ಆದರೆ 944ಗಳನ್ನು ರಸ್ತೆ ಮಧ್ಯೆ ನಿಲ್ಲಿಸುವುದರಲ್ಲಿ ಇದರ ಹೆಸರು ದೊಡ್ಡದು. ಡಿಎಂಇಗೂ ಪೆಟ್ರೋಲ್ ಪಂಪಿಗೂ ಕರೆಂಟ್ ಕೊಡುವುದು ಇದೇ. ವರ್ಷಗಟ್ಟಲೆ ಬಿಸಿಯಾಗಿ ತಣಿದು ಒಳಗಿನ ಬೆಸುಗೆ ಬಿರುಕು ಬಿಡುತ್ತದೆ. ಬಿಸಿಲಿನಲ್ಲಿ ಕೈಕೊಟ್ಟು ಸಂಜೆ ಸರಿಯಾಗುತ್ತದೆ. ರಿಲೇ ಕಿತ್ತು, ಸಾಕೆಟ್ಟಿನ 30 ಮತ್ತು 87ಬಿ ಎಂಬ ಕಿಂಡಿಗಳನ್ನು ಫ್ಯೂಸ್ ಇರುವ ವೈರಿನಿಂದ ಜೋಡಿಸಿ. ಪಂಪ್ ಓಡಿದರೆ ಪಂಪೂ ಅದರ ವೈರಿಂಗೂ ಬದುಕಿವೆ. ಗ್ಲವ್ ಬಾಕ್ಸಿನಲ್ಲಿ ಒಳ್ಳೆಯ ರಿಲೇ ಒಂದನ್ನು ಇಟ್ಟುಕೊಳ್ಳದೆ ದೂರದ ಊರಿಗೆ ಹೊರಡಬೇಡಿ.

6. ಕಳ್ಳಗಾಳಿಯನ್ನು ಹಿಡಿಯಿರಿ

ಎಂಜಿನ್ ಓಡುತ್ತದೆ, ಆದರೆ ಐಡ್ಲಿಂಗ್ ಏರಿಳಿಯುತ್ತದೆ. ಆಕ್ಸಿಲರೇಟರ್ ತುಳಿದ ಕ್ಷಣ ಒಮ್ಮೆ ತಡವರಿಸುತ್ತದೆ. ಇಂಥ ಕಡೆ ನಾನು ಮೊದಲು ಗಾಳಿಯ ಲೀಕ್ ಹುಡುಕುತ್ತೇನೆ, ಪೆಟ್ರೋಲಿನ ತಂಟೆಗೆ ಹೋಗುವುದಿಲ್ಲ. ಕಾರಣ ಸರಳ: ಒಳಹೋಗುವ ಗಾಳಿಯನ್ನೆಲ್ಲ ಏರ್ ಫ್ಲೋ ಮೀಟರ್ ಅಳೆಯಬೇಕು, ಆ ಅಳತೆಗೆ ತಕ್ಕಷ್ಟು ಪೆಟ್ರೋಲನ್ನು ಡಿಎಂಇ ಕೊಡಬೇಕು. ಮೀಟರ್ ದಾಟಿದ ಮೇಲೆ ಒಂದು ಬಿರುಕಿನಿಂದ ನುಸುಳಿದ ಗಾಳಿಯ ಲೆಕ್ಕ ಡಿಎಂಇಗೆ ಸಿಗುವುದಿಲ್ಲ. ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕ ಪೆಟ್ರೋಲ್ ಇರುವುದಿಲ್ಲ.

ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಆರೋಗ್ಯವಾಗಿರುವ ಎಂಜಿನ್ ಆಗ ತತ್ತರಿಸಬೇಕು. ಏನೂ ವ್ಯತ್ಯಾಸ ಕಾಣದಿದ್ದರೆ ಬೇರೆಲ್ಲೋ ಮೊದಲೇ ದೊಡ್ಡ ಲೀಕ್ ಇದೆ. ಏರ್ ಫ್ಲೋ ಮೀಟರ್ ಮತ್ತು ಥ್ರಾಟಲ್ ನಡುವಿನ ಮಡಿಕೆ ಮಡಿಕೆಯ ರಬ್ಬರ್ ಬೂಟ್, ಬ್ರೇಕ್ ಬೂಸ್ಟರ್ ಹೋಸ್, ಇಂಜೆಕ್ಟರ್‌ಗಳ ಓ-ರಿಂಗ್, ಮ್ಯಾನಿಫೋಲ್ಡ್ ಕೆಳಗೆ ಕಣ್ಣಿಗೆ ಬೀಳದೆ ಅಡಗಿರುವ ಐಡಲ್ ವಾಲ್ವಿನ ಹೋಸ್‌ಗಳು, ಆಯಿಲ್ ಡಿಪ್‌ಸ್ಟಿಕ್ಕಿನ ಸೀಲ್. ಇವೆಲ್ಲ ಗಾಳಿ ಕದಿಯುವ ಜಾಗಗಳು. ಬೂಟನ್ನು ಕೈಯಲ್ಲಿ ಎಳೆದು ಹಿಗ್ಗಿಸಿ ನೋಡಿ. ಸುಮ್ಮನಿದ್ದಾಗ ಮುಚ್ಚಿಕೊಂಡಿರುವ ಬಿರುಕು ಎಂಜಿನ್ ಅಲುಗಿದಾಗ ಬಾಯಿ ಬಿಡುತ್ತದೆ.

ಬಿಸಿ ಎಂಜಿನ್ ಮೇಲೆ ಬ್ರೇಕ್ ಕ್ಲೀನರ್ ಸಿಂಪಡಿಸಿ ಲೀಕ್ ಹುಡುಕುವ ಅಭ್ಯಾಸ ಹಲವು ಗ್ಯಾರೇಜುಗಳಲ್ಲಿದೆ. ಅದು ಬೆಂಕಿಯ ಜೊತೆ ಆಟ. ಹೊಗೆ ತುಂಬುವ ಸ್ಮೋಕ್ ಯಂತ್ರ ಈಗ ದುಬಾರಿಯಲ್ಲ. ಎಂಜಿನ್ ಆಫ್ ಮಾಡಿ, ಇನ್‌ಟೇಕ್‌ಗೆ ಹೊಗೆ ಬಿಟ್ಟು, ಅದು ಎಲ್ಲಿಂದ ಹೊರಬರುತ್ತದೆಂದು ನೋಡಿದರೆ ಸಾಕು.

7. ಪೆಟ್ರೋಲ್ ಒತ್ತಡವನ್ನು ಮೂರು ಸ್ಥಿತಿಯಲ್ಲಿ ಅಳೆಯಿರಿ

ಫ್ಯೂಯಲ್ ರೈಲಿನ ತುದಿಯ ನಟ್ಟನ್ನು ಬಿಚ್ಚಿ ಗೇಜ್ ಜೋಡಿಸಿ. ಅದರೊಳಗೆ ಸೀಲ್ ಮಾಡುವ ಪುಟ್ಟ ಸ್ಟೀಲ್ ಗುಂಡು ಇರುತ್ತದೆ, ಉರುಳಿ ಕಳೆದುಹೋಗದಂತೆ ಜೋಪಾನ ಮಾಡಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಒಂದನೆಯದು, ಐದನೇ ಅಂಶದ ವೈರ್ ಜೋಡಿಸಿ, ಎಂಜಿನ್ ನಿಂತು ಪಂಪ್ ಮಾತ್ರ ಓಡುವಾಗ: ಸುಮಾರು 2.5 ಬಾರ್. ಎರಡನೆಯದು, ಐಡ್ಲಿಂಗ್‌ನಲ್ಲಿ: ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಒಂದು ಪುಟ್ಟ ಹೋಸ್ ಮೂಲಕ ಒತ್ತಡದ ರೆಗ್ಯುಲೇಟರನ್ನು ಎಳೆಯುವುದರಿಂದ ಒತ್ತಡ 2 ಬಾರ್ ಆಸುಪಾಸಿಗೆ ಇಳಿಯಬೇಕು, ಆ ಹೋಸ್ ಕಿತ್ತ ಕೂಡಲೇ ಮತ್ತೆ 2.5ಕ್ಕೆ ಏರಬೇಕು. ಕಿತ್ತ ಹೋಸಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಅಥವಾ ಹನಿ ಕಂಡರೆ ರೆಗ್ಯುಲೇಟರಿನ ಪರದೆ ಹರಿದಿದೆ. ಹರಿದ ಪರದೆಯಿಂದ ಹಸಿ ಪೆಟ್ರೋಲ್ ನೇರವಾಗಿ ಮ್ಯಾನಿಫೋಲ್ಡಿಗೆ ಹೋಗುತ್ತದೆ. ಕಪ್ಪು ಹೊಗೆಗೆ ಇಂಜೆಕ್ಟರ್‌ಗಳನ್ನು ದೂರುವ ಮೊದಲು ಈ ಪುಟ್ಟ ಹೋಸನ್ನು ಮೂಸಿ ನೋಡಿ. ಮೂರನೆಯದು, ಪಂಪ್ ನಿಂತ ಮೇಲೆ: ಮುಳ್ಳು ನಿಧಾನವಾಗಿ ಇಳಿಯಲಿ, ಸರ್ರನೆ ಸೊನ್ನೆಗೆ ಬಿದ್ದರೆ ಪಂಪಿನ ಚೆಕ್ ವಾಲ್ವ್, ರೆಗ್ಯುಲೇಟರ್ ಅಥವಾ ಸೋರುವ ಇಂಜೆಕ್ಟರ್ ಕಾರಣ. ಬಿಸಿ ಎಂಜಿನ್ ಹತ್ತು ನಿಮಿಷ ನಿಂತು ಮತ್ತೆ ಸ್ಟಾರ್ಟ್ ಆಗಲು ಹಟ ಮಾಡುವುದು ಇದರಿಂದಲೇ.

ಒತ್ತಡ ಸರಿಯಿದ್ದರೂ ಪ್ರಮಾಣ ಸಾಲದೆ ಇರಬಹುದು. ಗೇಜನ್ನು ವಿಂಡ್‌ಶೀಲ್ಡಿಗೆ ಕಾಣುವಂತೆ ಭದ್ರವಾಗಿ ಕಟ್ಟಿ, ಜನಸಂಚಾರವಿಲ್ಲದ ಕಡೆ ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿದಾಗ ಮುಳ್ಳು ಕುಸಿದರೆ ಫಿಲ್ಟರ್ ಕಟ್ಟಿದೆ, ಇಲ್ಲವೇ ಟ್ಯಾಂಕಿನೊಳಗಿನ ಜಾಲರಿಯಲ್ಲಿ ತುಕ್ಕು ತುಂಬಿದೆ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರಿನಲ್ಲಿ ನಾನು ಮೊದಲು ನೋಡುವುದು ಈ ಜಾಲರಿಯನ್ನು.

8. ಏರ್ ಫ್ಲೋ ಮೀಟರಿನ ಸ್ಪ್ರಿಂಗ್ ತಿರುಗಿಸಬೇಡಿ

ಇದರೊಳಗೆ ಗಾಳಿ ತಳ್ಳಿದಷ್ಟು ತೆರೆಯುವ ಒಂದು ಬಾಗಿಲಿದೆ. ಬಾಗಿಲಿನ ಜೊತೆ ಒಂದು ತೋಳು ಕಾರ್ಬನ್ ಪಟ್ಟಿಯ ಮೇಲೆ ಸವರುತ್ತ ವೋಲ್ಟೇಜ್ ಬದಲಿಸುತ್ತದೆ. ದಶಕಗಳ ಓಟದಲ್ಲಿ ಹೆಚ್ಚು ಬಳಕೆಯಾದ ಜಾಗದಲ್ಲಿ ಪಟ್ಟಿ ಸವೆಯುತ್ತದೆ, ಹಳೆಯ ರೇಡಿಯೊದ ವಾಲ್ಯೂಮ್ ಗುಂಡಿ ಒಂದು ಜಾಗದಲ್ಲಿ ಮಾತ್ರ ಕರಕರ ಎನ್ನುವ ಹಾಗೆ. ಆದ್ದರಿಂದಲೇ ಹದವಾದ ವೇಗದಲ್ಲಿ ಹೋಗುವಾಗ ಜರ್ಕ್ ಹೊಡೆಯುವ ಕಾರು ಅದಕ್ಕಿಂತ ಕೆಳಗೂ ಮೇಲೂ ಚೆನ್ನಾಗಿಯೇ ಓಡುತ್ತದೆ.

ಮುಳ್ಳಿರುವ ಹಳೆಯ ಮಾದರಿಯ ವೋಲ್ಟ್‌ಮೀಟರ್ ಜೋಡಿಸಿ ಬಾಗಿಲನ್ನು ಬೆರಳಿನಿಂದ ಮೆಲ್ಲಗೆ ತೆರೆಯಿರಿ. ಮುಳ್ಳು ಎಲ್ಲೂ ಬೀಳದೆ ಏರಬೇಕು. ಇದಕ್ಕೆ ಡಿಜಿಟಲ್ ಮೀಟರ್ ಸಾಲದು, ಕ್ಷಣಮಾತ್ರದ ಕಡಿತವನ್ನು ಅದು ತೋರಿಸದೆ ಹೋಗಬಹುದು. ಕಪ್ಪು ಮುಚ್ಚಳ ಕಿತ್ತು ಸ್ಪ್ರಿಂಗಿನ ಚಕ್ರವನ್ನು ನಾಲ್ಕು ಹಲ್ಲು ಆಚೆ ಈಚೆ ಸರಿಸಿ ಮಿಶ್ರಣ ಸರಿಪಡಿಸಿದೆ ಎನ್ನುವವರಿದ್ದಾರೆ. ಅವರು ಒಂದು ಕಾಯಿಲೆಯನ್ನು ಮುಚ್ಚಿಟ್ಟು, ಮುಂದೆ ಬರುವ ತನಿಖೆಯನ್ನೆಲ್ಲ ಕೆಡಿಸಿರುತ್ತಾರೆ.

9. ಎಂಜಿನ್ ಬಿಸಿಯಾಗಿದೆಯೆಂದು ಡಿಎಂಇಗೆ ಗೊತ್ತಿದೆಯೇ?

ಸಿಲಿಂಡರ್ ಹೆಡ್ಡಿನಲ್ಲಿರುವ ಎರಡು ಪಿನ್ನಿನ ಟೆಂಪರೇಚರ್ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ ಸುಮಾರು 320 ಓಮ್ ತೋರಿಸಬೇಕು. ವೈರ್ ಕಡಿದಿದ್ದರೆ ಡಿಎಂಇ ಕಣ್ಣಿಗೆ ಎಂಜಿನ್ ಹಿಮದಲ್ಲಿ ನಿಂತಂತೆ. ಬೇಡವೆಂದರೂ ಪೆಟ್ರೋಲ್ ಸುರಿಯುತ್ತದೆ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಸರಿಯಿದೆಯೆಂದು ಇದನ್ನು ಬಿಡಬೇಡಿ. ಆ ಮುಳ್ಳಿಗೆ ಬೇರೆಯದೇ ಸೆನ್ಸರ್ ಇದೆ.

10. ಥ್ರಾಟಲ್ ಸ್ವಿಚ್ಚಿನ ಟಿಕ್ ಸದ್ದು ಕೇಳಿ

ಪೆಡಲ್ ಬಿಟ್ಟಾಗ ಒಂದು ಸಂಪರ್ಕ, ಪೂರ್ತಿ ತುಳಿದಾಗ ಇನ್ನೊಂದು. ಎರಡನ್ನೂ ಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ. ಕೇಬಲ್ ಸಡಿಲವಾಗಿ ಥ್ರಾಟಲ್ ಪೂರ್ತಿ ತೆರೆಯದೆ ಶಕ್ತಿ ಕಳೆದುಕೊಂಡ ಕಾರುಗಳೂ ಇವೆ.

11. ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ಅರ್ಥಮಾಡಿಕೊಂಡು ನಂಬಿ

ಬಿಸಿಯಾದ ಸೆನ್ಸರ್ 0.1 ಮತ್ತು 0.9 ವೋಲ್ಟ್ ನಡುವೆ ಚುರುಕಾಗಿ ತೂಗಾಡುತ್ತಿದ್ದರೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ 14.7ಕ್ಕೆ 1ರ ಸುತ್ತ ಇದೆ. ಸದಾ ಕೆಳಗೇ ನಿಂತರೆ ಲೀನ್, ಮೇಲೇ ನಿಂತರೆ ರಿಚ್, ಅಂದರೆ ಪೆಟ್ರೋಲ್ ಹೆಚ್ಚು. ಇಷ್ಟನ್ನು ಎಲ್ಲರೂ ಹೇಳುತ್ತಾರೆ.

ಹೇಳದೆ ಬಿಡುವುದೊಂದಿದೆ. ಈ ಸೆನ್ಸರ್ ಪೆಟ್ರೋಲನ್ನು ನೋಡುವುದಿಲ್ಲ, ಉಳಿದ ಆಮ್ಲಜನಕವನ್ನು ಮಾತ್ರ ನೋಡುತ್ತದೆ. ಒಂದು ಪ್ಲಗ್ ಹೊತ್ತದೆ ಮಿಸ್ಸಿಂಗ್ ಆದರೆ ಆ ಸಿಲಿಂಡರಿನ ಗಾಳಿ ಉರಿಯದೆ ಹೊರಬರುತ್ತದೆ. ಸೆನ್ಸರ್ ಅದನ್ನು ಲೀನ್ ಎಂದು ಓದುತ್ತದೆ. ಡಿಎಂಇ ನಾಲ್ಕೂ ಸಿಲಿಂಡರಿಗೆ ಇನ್ನಷ್ಟು ಪೆಟ್ರೋಲ್ ಕೊಡುತ್ತದೆ. ಹೊರಗೆ ಪೆಟ್ರೋಲ್ ವಾಸನೆ, ಮೀಟರಿನಲ್ಲಿ ಲೀನ್. ಈ ವಿರೋಧ ಕಂಡಾಗ ಸ್ಪಾರ್ಕ್ ಕಡೆ ತಿರುಗಿ: ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿದರೆ ಹಳೆಯ ಪ್ಲಗ್ ವೈರುಗಳಿಂದ ನೀಲಿ ಕಿಡಿ ಹಾರುವುದು ಕಾಣುತ್ತದೆ. ರೋಟರ್, ಡಿಸ್ಟ್ರಿಬ್ಯೂಟರ್ ಕ್ಯಾಪ್ ಸವೆದಿರುವುದೂ ಸಾಮಾನ್ಯ. ಸೆನ್ಸರಿಗಿಂತ ಮುಂಚೆ ಎಕ್ಸಾಸ್ಟ್ ಪೈಪಿನಲ್ಲಿ ತೂತಿದ್ದರೂ ಇದೇ ಸುಳ್ಳು ಸುದ್ದಿ ಹೋಗುತ್ತದೆ.

ಪೂರ್ತಿ ಥ್ರಾಟಲ್‌ನ ಮಿಶ್ರಣ ತಿಳಿಯಲು ಈ ಸೆನ್ಸರ್ ಸಾಲದು, ವೈಡ್‌ಬ್ಯಾಂಡ್ ಸೆನ್ಸರ್ ಬೇಕು. ಆಗ 12.5ರಿಂದ 13ರ ನಡುವೆ ಇದ್ದರೆ ನೆಮ್ಮದಿ.

12. ಲೋಹದ ಆರೋಗ್ಯ ತಿಳಿಯದೆ ಎಲೆಕ್ಟ್ರಾನಿಕ್ಸ್ ಮೇಲೆ ತೀರ್ಪು ಕೊಡಬೇಡಿ

ಡಿಎಂಇ ರಿಲೇ ಕಿತ್ತಿಡಿ, ನಾಲ್ಕೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಶನ್ ಅಳೆಯಿರಿ. ಅಂಕಿ ಎಷ್ಟೆಂಬುದಕ್ಕಿಂತ ನಾಲ್ಕರ ನಡುವಿನ ವ್ಯತ್ಯಾಸ ಮುಖ್ಯ. ಶೇಕಡಾ 15 ಮೀರಿದರೆ ಲೀಕ್‌ಡೌನ್ ಪರೀಕ್ಷೆ ಮಾಡಿ. ಸಿಲಿಂಡರಿಗೆ ಗಾಳಿ ತುಂಬಿ ಕಿವಿಗೊಡಿ: ಥ್ರಾಟಲ್ ಬಳಿ ಸುಯ್ ಎಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್‌ನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಮುಚ್ಚಳದಲ್ಲಿ ಕೇಳಿದರೆ ರಿಂಗ್, ಕೂಲೆಂಟಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ನಾಲ್ಕೂ ಒಂದೇ ಸಮ ಕಡಿಮೆಯಿದ್ದು, ಇತ್ತೀಚೆಗೆ ಬೆಲ್ಟ್ ಬದಲಾಗಿದ್ದರೆ, ಒಂದು ಹಲ್ಲು ತಪ್ಪಿ ಕೂತಿರಬಹುದು. ಗುರುತುಗಳನ್ನು ಮತ್ತೆ ಹೊಂದಿಸಿ ನೋಡಿ.

13. ಇಂಜೆಕ್ಟರ್ ಸರದಿ ಈಗ

ಡಿಎಂಇ ನಾಲ್ಕು ಇಂಜೆಕ್ಟರ್‌ಗಳನ್ನೂ ಒಟ್ಟಿಗೇ ತೆರೆಯುತ್ತದೆ, ಕ್ರ್ಯಾಂಕ್ ಸುತ್ತಿಗೊಮ್ಮೆ. ಇದರಿಂದ ಒಂದು ಸುಲಭದ ತರ್ಕ ಸಿಗುತ್ತದೆ: ಒಂದೇ ಸಿಲಿಂಡರಿಗೆ ಪೆಟ್ರೋಲ್ ಸಾಲದಿದ್ದರೆ ತಪ್ಪು ಆ ಇಂಜೆಕ್ಟರಿನದ್ದು ಅಥವಾ ಅದರ ವೈರಿನದ್ದು, ಡಬ್ಬಿಯದ್ದಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿ ಕಿವಿಗಿಟ್ಟು ನಾಲ್ಕರ ಟಿಕಟಿಕ ಹೋಲಿಸಿ. ಹೊಸದು ಕೊಳ್ಳುವ ಮೊದಲು ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಸಿ, ನಾಲ್ಕು ಗಾಜಿನ ಕೊಳವೆಗಳಲ್ಲಿ ಹರಿವು ಅಳೆಸಿ. ತೊಳೆಯುವ ಮುಂಚಿನ ಅಳತೆಯನ್ನೂ ಕೇಳಿ ಪಡೆಯಿರಿ, ಏಕೆಂದರೆ ನಿಮ್ಮ ತೊಂದರೆಗೆ ಅದೇ ಸಾಕ್ಷಿ.

14. ಹೊರಹೋಗುವ ದಾರಿ ಕಟ್ಟಿರಬಹುದು

ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಕರಗಿ ಅಡ್ಡ ಬಿದ್ದರೆ ಕಾರು ಮೆಲ್ಲಗೆ ಚೆನ್ನಾಗಿ ಹೋಗುತ್ತದೆ, ವೇಗಕ್ಕೆ ಉಸಿರು ಕಟ್ಟುತ್ತದೆ. ವ್ಯಾಕ್ಯೂಮ್ ಗೇಜ್ ಜೋಡಿಸಿ ಎಂಜಿನ್ನನ್ನು 2,500 ಸುತ್ತಿನಲ್ಲಿ ಹಿಡಿದಿಟ್ಟಾಗ ಮುಳ್ಳು ಮೆಲ್ಲಮೆಲ್ಲಗೆ ಇಳಿಯುತ್ತ ಹೋದರೆ ಅನುಮಾನ ನಿಜ. ಗ್ಯಾರೇಜಿನ ಬಾಗಿಲು ತೆರೆದಿರಲಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

15. ಟರ್ಬೊ ಇದ್ದರೆ ಲೆಕ್ಕ ತಿರುವುಮುರುವು

1985ರಲ್ಲಿ ಬಂದ 944 ಟರ್ಬೊದಲ್ಲಿ ಏರ್ ಫ್ಲೋ ಮೀಟರ್ ಟರ್ಬೊಗಿಂತ ಮುಂಚೆ ಇದೆ. ಬೂಸ್ಟ್ ಬಂದಾಗ ಪೈಪಿನ ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚು. ಆಗ ಲೀಕ್ ಇದ್ದರೆ ಅಳೆದ ಗಾಳಿ ಹೊರಕ್ಕೆ ಹೋಗುತ್ತದೆ, ಪೆಟ್ರೋಲ್ ಮಾತ್ರ ಪೂರ್ತಿ ಬೀಳುತ್ತದೆ. ಹೀಗೆ ಅದೇ ಬಿರುಕು ಐಡ್ಲಿಂಗ್‌ನಲ್ಲಿ ಮಿಶ್ರಣವನ್ನು ಲೀನ್ ಮಾಡುತ್ತದೆ, ಬೂಸ್ಟ್‌ನಲ್ಲಿ ರಿಚ್ ಮಾಡುತ್ತದೆ. ಈ ಎರಡು ಲಕ್ಷಣ ಒಟ್ಟಿಗೆ ಕಂಡವರು ಎರಡು ರೋಗ ಹುಡುಕುತ್ತ ಅಲೆಯುತ್ತಾರೆ. ಕ್ಲಾಂಪುಗಳನ್ನು ಬಿಗಿದು, ಇನ್‌ಟೇಕಿಗೆ ಹೊರಗಿನಿಂದ ಗಾಳಿಯ ಒತ್ತಡ ಕೊಟ್ಟು ಸೋಪಿನ ನೀರು ಹಚ್ಚಿ ನೋಡಿ.

16. ಒಂದು ಸಲಕ್ಕೆ ಒಂದೇ ಬದಲಾವಣೆ

ಪ್ಲಗ್, ಫಿಲ್ಟರ್, ಸೆನ್ಸರ್ ಮೂರನ್ನೂ ಒಂದೇ ಭಾನುವಾರ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಹೊಸ ಭಾಗವೇ ಕೆಟ್ಟದ್ದಾಗಿದ್ದರಂತೂ ಹಳೆಯ ಕಾಯಿಲೆಯ ಮೇಲೆ ಹೊಸದೊಂದು ಕೂಡಿಕೊಳ್ಳುತ್ತದೆ. ಪ್ರತಿ ಬದಲಾವಣೆಯ ಬಳಿಕ ಅದೇ ರಸ್ತೆ, ಅದೇ ಗೇರು, ಅದೇ ವೇಗದಲ್ಲಿ ಓಡಿಸಿ ಬರೆದುಕೊಳ್ಳಿ. ಕಿತ್ತ ಭಾಗಕ್ಕೆ ಚೀಟಿ ಅಂಟಿಸಿ ಎತ್ತಿಡಿ.

17. ಡಿಎಂಇ ಮೇಲೆ ಅನುಮಾನ ಎಲ್ಲಕ್ಕಿಂತ ಕೊನೆಗೆ

ಸ್ಕ್ಯಾನರ್ ಚುಚ್ಚಿ ಕೋಡ್ ಓದುವ ಸೌಲಭ್ಯ ಇಲ್ಲಿಲ್ಲ. ಅದಕ್ಕೆ ಬೇಕಾದ ಓಬಿಡಿ-2 ಪದ್ಧತಿ ಅಮೆರಿಕದಲ್ಲಿ ಕಡ್ಡಾಯವಾದದ್ದು 1996ರಲ್ಲಿ, 944ರ ತಯಾರಿಕೆ ನಿಂತು ಐದು ವರ್ಷಗಳಾದ ಮೇಲೆ. ಉತ್ತರ ಸಿಗದಾಗ ಡಬ್ಬಿಯನ್ನು ದೂರುವ ಆಸೆ ಸಹಜ, ಆದರೆ ಡಬ್ಬಿಯ ಕನೆಕ್ಟರಿನಲ್ಲೇ ಪಿನ್ನಿಗೆ ಪಿನ್ನು ಅಳೆದರೆ ಮೇಲೆ ಹೇಳಿದ ಬಹುತೇಕ ಸೆನ್ಸರ್‌ಗಳ ವೈರಿಂಗ್ ಸಮೇತ ಪರೀಕ್ಷೆಯಾಗುತ್ತದೆ. ಎಲ್ಲ ಸರಿಯಿದ್ದೂ ತೊಂದರೆ ಉಳಿದರೆ ಡಬ್ಬಿ ತೆರೆದು ಬೆಸುಗೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ಹಿಂದಿನ ಮಾಲೀಕರು ಪಿಕಪ್ ಹೆಚ್ಚಿಸಲೆಂದು ಬೇರೆ ಚಿಪ್ ಹಾಕಿರಬಹುದು. ಅಂಥದ್ದು ಕಂಡರೆ ಕಾರ್ಖಾನೆಯ ಮೂಲ ಚಿಪ್ಪನ್ನೇ ಹಾಕಿ, ಏಳನೇ ಮತ್ತು ಹನ್ನೊಂದನೇ ಅಂಶಗಳಲ್ಲಿ ಹೇಳಿದ ಅಳತೆಗಳನ್ನು ಮೊದಲಿನಿಂದ ಮತ್ತೊಮ್ಮೆ ತೆಗೆಯಿರಿ.